ಗಂಟಲಿಗೆ ಹಾಕಿದ ಬಂಗಾರ

ಕ್ಯಾನ್ಸರ್ ಆಸ್ಪತ್ರೆಯಲ್ಲಿ ಎಂಥ ನಗು ಅಂತ ನಮ್ಮ ಮನೆಯವಳೇ ಬೈತಾಳೆ. ಏನ್ ಮಾಡ್ಲಿ ಕಣ್ರೀ, ವೈಟ್‌ಫೀಲ್ಡ್ ಕಡೆ ಒಂದು ಆಸ್ಪತ್ರೇಲಿ ರೇಡಿಯೇಷನ್ ಮೆಷಿನ್ ನಡೆಸೋನು ನಾನು. ಅಳೋರ ಮಧ್ಯಾನೇ ನಗು ಬಂದ್ಬಿಡುತ್ತೆ. ಇಲ್ಲಿ ಹೇಳೋ ಪ್ರಸಂಗಗಳೆಲ್ಲ ಪೀಣ್ಯದ ಕಾರ್ಖಾನೇಲಿ ಲೇತ್ ಮೇಲೆ ಕಬ್ಬಿಣ ಕಡೆಯೋ ಒಬ್ಬ ಟರ್ನರ್ ಯಜಮಾನರವು. ವಿಜಯಪುರದ ಕಡೆಯವರು, ಚಿಕ್ಕಬಾಣಾವರದಲ್ಲಿ ಬಾಡಿಗೆ ಮನೆ. ಗಂಟಲಲ್ಲಿ ಗಡ್ಡೆ, ಮೂಗಿನ ನಳಿಕೆಯಲ್ಲೇ ಊಟ. ಗಡ್ಡೆ ಕರಗಿದರೆ ಮನುಷ್ಯ ಉಳೀತಾರೆ, ಇಲ್ಲಾಂದ್ರೆ ಇಲ್ಲ.

ಸಹಿ

ಹೊಸ ಪ್ರಯೋಗ ಒಂದಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳನ್ನ ಗಡ್ಡೆಗೆ ಚುಚ್ಚಿ ಆಮೇಲೆ ರೇಡಿಯೇಷನ್ ಕೊಡೋದು, ಕಿರಣದ ಏಟು ಅಲ್ಲೇ ಜೋರಾಗಿ ಬೀಳಲಿ ಅಂತ. ಡಾಕ್ಟರ್ ಹೇಳಿದ್ದೆಲ್ಲ ಕೇಳಿ ಯಜಮಾನರು, "ಸೈಜ್ ಯಾವ ಗೇಜಿನಾಗ ನೋಡಿದ್ರಿ?" ಅಂದರು.

"ನಾನು ನೋಡಿಲ್ಲ, ಲ್ಯಾಬಲ್ಲಿ ನೋಡಿರ್ತಾರೆ" ಅಂದರು ಡಾಕ್ಟರ್.

"ನೋಡಲಾರದ ಮಾಲು ನನ್ನ ಗಂಟಲಿಗಿ ಹಾಕ್ತೀರೇನ್ರಿ?"

ಆದರೂ ಒಪ್ಪಿದರು. ಮೂವತ್ತು ವರ್ಷದ ಕಾರ್ಖಾನೆ ಅಭ್ಯಾಸ ನೋಡಿ, ಒಪ್ಪಿಗೆ ಪತ್ರದಲ್ಲಿ ಸಹಿ ಪಕ್ಕ 'ಚೆಕ್ ಮಾಡಿದೆ, ಓಕೆ' ಅಂತಲೂ ಬರೆದುಬಿಟ್ಟರು. ಪತ್ರ ಮತ್ತೆ ಪ್ರಿಂಟ್ ತೆಗೆಸಬೇಕಾಯ್ತು.

ಜಾಲರಿ

ತಲೆ ಅಲ್ಲಾಡದಿರಲಿ ಅಂತ ಮುಖದ ಅಳತೆಗೆ ಪ್ಲಾಸ್ಟಿಕ್ ಜಾಲರಿ ಮಾಡಿ ಮೇಜಿಗೆ ಬಿಗೀತೀವಿ. ನಾಲ್ಕನೇ ವಾರ ಅದು ಸಡಿಲ ಆಯ್ತು. ನಾನು ಕ್ಲಿಪ್ಪು ಒತ್ತಿ ಒತ್ತಿ ನೋಡ್ತಾ ಇದ್ದರೆ ಜಾಲರಿ ಒಳಗಿಂದ ಕೀರಲು ದನಿ: "ಬಿಗಿಯೋದು ಬರೋಬ್ಬರಿ ಐತ್ರಿ ಸರ. ಜಾಬ್ ಸವದೈತಿ."

ಲೇತಿಗೆ ಬಿಗಿದ ತುಂಡಿಗೆ ಜಾಬ್ ಅಂತಾರೆ ಅವರು; ಇಲ್ಲಿ ಜಾಬ್ ಅಂದ್ರೆ ಅವರ ಮುಖಾನೇ, ಅಷ್ಟು ಇಳಿದುಹೋಗಿದ್ದರು. ನಾನು ನಕ್ಕೆ, ಆಮೇಲೆ ಕಂಟ್ರೋಲ್ ರೂಮಿಗೆ ಹೋಗಿ ಕಣ್ಣು ಒರೆಸಿಕೊಂಡೆ.

ಚಹಾ

ರೇಡಿಯೇಷನ್ ಮುಗಿದು ಒಂದೂವರೆ ತಿಂಗಳಿಗೆ ಸ್ಕ್ಯಾನ್ ಮಾಡಿದರೆ ಗಡ್ಡೆ ಚಿಕ್ಕದಾಗಿದೆ! ನಳಿಕೆ ತೆಗೆದರು. ಯಜಮಾನರ ಹೆಂಡತಿ ಫ್ಲಾಸ್ಕಲ್ಲಿ ಚಹಾ ತಂದು ನಮ್ಮೆದುರಿಗೇ ಕೊಟ್ಟರು. ಒಂದು ಗುಟುಕು ಇಳೀತು. ನಾವೆಲ್ಲ ಅವರ ಗಂಟಲನ್ನೇ ನೋಡ್ತಾ ನಿಂತಿದ್ವಿ.

"ಸಕ್ರಿ ಎಲ್ಲೈತಿ?" ಅಂತ ಗದರಿದರು.

ಆಯಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತರು. "ನಾಕ್ ತಿಂಗಳಾತ್ರಿ ಇವರು ಬೈದು" ಅಂದರು. ಬೈಸಿಕೊಂಡು ಅಷ್ಟು ಖುಷಿಪಟ್ಟವರನ್ನ ನಾನು ನೋಡಿಲ್ಲ.

ಬೂದಿ

ಗಂಟಲು ಗೆದ್ದಿತು. ಆದರೆ ಹಾಳು ರೋಗ ಅಷ್ಟರಲ್ಲೇ ಶ್ವಾಸಕೋಶಕ್ಕೆ ಇಳಿದಿತ್ತು. ಯಜಮಾನರು ಹೋಗಿಬಿಟ್ಟರು.

ತಿಂಗಳಾದ ಮೇಲೆ ಆಯಮ್ಮ ಒಬ್ಬರೇ ಬಂದರು, ಯಾವುದೋ ಕಾಗದಕ್ಕೆ. ಕೆಲಸ ಮುಗಿದರೂ ಎದ್ದು ಹೋಗಲಿಲ್ಲ.

"ಸರ, ಖರೆ ಹೇಳ್ರಿ. ಅವರಿಗಿ ಬಂಗಾರ ಹಾಕಿದ್ದು ಹೌದ?"

"ಹೌದಮ್ಮ, ನನ್ನ ಕಣ್ಣೆದುರಿಗೇ ಚುಚ್ಚಿದ್ದು. ಯಾಕೆ?"

"ಮೂರನೇ ದಿನ ಬೂದಿ ತರಾಕ ಹೋದಾಗ ನಮ್ಮ ಮೈದುನ ಜರಡಿ ಹಿಡದು ಹುಡುಕಿದ್ರಿ. ಒಂದ್ ಚೂರೂ ಸಿಗಲಿಲ್ಲ. ಬ್ಯಾರೆಯವರಿಗಿ ಹಾಕಿ ಇವರಿಗಿ ಬಿಟ್ರೇನೋ, ಅದಕ್ಕ ಉಳೀಲಿಲ್ಲೇನೋ ಅಂತ ನನಗ ನಿದ್ದಿ ಇಲ್ರಿ."

ಆ ಕಣ ಯಾರ ಕಣ್ಣಿಗೂ ಕಾಣಲ್ಲ, ಜರಡಿಗೆ ಸಿಗಲ್ಲ, ಅವರಿಗೆ ಏನೂ ಕಮ್ಮಿ ಮಾಡಿಲ್ಲ ಅಂತ ಬಿಡಿಸಿ ಹೇಳಿದೆ. ಆಯಮ್ಮ ಅಳ್ತಾ ಅಳ್ತಾನೇ ನಕ್ಕುಬಿಟ್ಟರು.

"ಹಂಗಾದ್ರ ಅವರದ ಬಂಗಾರ ಬಿಡ್ರಿ ಸರ. ಮದುವ್ಯಾದಾಗಿಂದ ನನಗೂ ಮಾಡಸ್ತೀನಿ, ಮಾಡಸ್ತೀನಿ ಅಂತಿದ್ರು. ಅದೂ ಯಾರ ಕಣ್ಣಿಗೂ ಕಾಣಲಿಲ್ಲ!"