ಸಿರುಗುಪ್ಪ ಬಸ್ಸಿನ ಸರಾಸರಿ ವೇಗ

ತಪ್ಪು ಮಾಡುವುದು ಮೇಷ್ಟ್ರಿಗೆ ಕಷ್ಟವೇನಲ್ಲ. ಅದನ್ನು ಕೆಂಪು ಶಾಯಿಯಲ್ಲಿ ಮಾಡಿಬಿಟ್ಟರೆ ಮಾತ್ರ ಕಷ್ಟ. ದಿನವೂ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಸ್ಸಿನಲ್ಲಿ ಹೋಗಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳುವ ನನಗೆ ಚಲನೆಯ ಪಾಠವೆಂದರೆ ವಿಶೇಷ ಧೈರ್ಯ. ಹದಿನೆಂಟು ವರ್ಷ ಸ್ವತಃ ಚಲಿಸಿದ್ದೇನಲ್ಲ! ಆ ಧೈರ್ಯದಲ್ಲೇ ಕಿರುಪರೀಕ್ಷೆಗೆ ಒಂದು ಪ್ರಶ್ನೆ ಬರೆದೆ: ನೇರ ರಸ್ತೆಯಲ್ಲಿ ಬಸ್ಸೊಂದು ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಗಂಟೆಗೆ ನಲವತ್ತು ಕಿಲೋಮೀಟರಿನಂತೆ ಹೋಗಿ, ಅರವತ್ತರಂತೆ ಬಳ್ಳಾರಿಗೆ ಮರಳಿತು; ಇಡೀ ಪ್ರಯಾಣದ ಸರಾಸರಿ ವೇಗವೆಷ್ಟು? ಅರವತ್ತರಲ್ಲಿ ಓಡುವ ಬಸ್ಸನ್ನು ನಾನು ಆ ರಸ್ತೆಯಲ್ಲಿ ಕಂಡಿಲ್ಲ. ಅಂಥವು ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ಸಿಗುತ್ತವೆ.

ನನ್ನ ಉತ್ತರ ನಲವತ್ತೆಂಟು. ತರಗತಿಯೂ ಹೆಚ್ಚುಕಡಿಮೆ ಅದನ್ನೇ ಬರೆದಿತ್ತು. ತೆಕ್ಕಲಕೋಟೆಯಿಂದ ಬರುವ ಹುಲಿಗೆಮ್ಮ ಎಂಬ ಹುಡುಗಿ ಮಾತ್ರ ‘ಸೊನ್ನೆ’ ಎಂದು ಬರೆದಿದ್ದಳು. ನಾನೂ ಸೊನ್ನೆಯನ್ನೇ ಕೊಟ್ಟು, ಪಕ್ಕದಲ್ಲಿ ‘ಬಸ್ಸು ನೋಡಿದ್ದೀಯಾ?’ ಎಂದು ಗೀಚಿದೆ. ಅಷ್ಟಕ್ಕೇ ಬಿಡದೆ ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ನಕ್ಕರು. ಅವಳು ಎದ್ದು, “ಸರ, ಬಸ್ಸು ಹೊಂಟಲ್ಲಿಗೇ ವಾಪಸ್ ಬಂತಲ್ರಿ...” ಎಂದಳು.

“ಕುಂದ್ರು,” ಎಂದೆ.

ಮರುದಿನ ವೇಗೋತ್ಕರ್ಷದ ಪಾಠ. ಅದಕ್ಕೆ ಮೊದಲು ಹಳೆಯದನ್ನು ನೆನಪಿಸೋಣವೆಂದು ಹಲಗೆಯ ಮೇಲೆ ಬರೆದೆ: ಸರಾಸರಿ ವೇಗವೆಂದರೆ ಸ್ಥಾನಪಲ್ಲಟವನ್ನು, ಅಂದರೆ ಹೊರಟ ಜಾಗದಿಂದ ಕೊನೆಗೆ ಎಷ್ಟು ಸರಿದಿದೆ ಎಂಬುದನ್ನು, ಕಾಲದಿಂದ ಭಾಗಿಸಿದ್ದು. ಸೀಮೆಸುಣ್ಣ ಅಲ್ಲೇ ನಿಂತಿತು. ಹೊರಟಲ್ಲಿಗೇ ಮರಳಿದ ಬಸ್ಸಿನ ಸ್ಥಾನಪಲ್ಲಟ ಸೊನ್ನೆ. ಅಂದಮೇಲೆ ಸರಾಸರಿ ವೇಗವೂ ಸೊನ್ನೆ. ನಲವತ್ತೆಂಟು ಬರುವುದು ಓಡಿದ ದೂರವನ್ನು ಲೆಕ್ಕ ಹಿಡಿದರೆ; ಅದು ಜವ, ಅಂದರೆ ಸ್ಪೀಡ್, ವೇಗವಲ್ಲ. ಇವೆರಡರ ವ್ಯತ್ಯಾಸವನ್ನು ಪ್ರತಿವರ್ಷ ಗಂಟಲು ಹರಿಯುವಂತೆ ಹೇಳುವವನು ನಾನೇ. ಏನು ಮಾಡಿದೆ? ಹಲಗೆ ಒರೆಸಿ ಮುಂದಿನ ಪಾಠಕ್ಕೆ ಹೋದೆ. ಹುಲಿಗೆಮ್ಮ ಬಂದಿರಲಿಲ್ಲ; ನಿಜ ಹೇಳಬೇಕೆಂದರೆ, ಸಮಾಧಾನವೇ ಆಯಿತು.

ಮೂರು ದಿನವಾದರೂ ಅವಳ ಜಾಗ ಖಾಲಿ. ಪಕ್ಕದ ಗೆಳತಿಯನ್ನು ಕೇಳಿದೆ. “ಅಕಿ ಸೈನ್ಸ್ ಬಿಡ್ತಾಳಂತ್ರಿ ಸರ. ಕುರುಗೋಡಿನಾಗ ಸೋದರತ್ತಿ ಮನ್ಯಾಗ ಇದ್ದು ಆರ್ಟ್ಸ್ ಓದ್ತಾಳಂತ.”

ಅವಳಿಂದಲೇ ವಿಳಾಸ ಪಡೆದು ಭಾನುವಾರ ಕುರುಗೋಡಿನ ಬಸ್ಸು ಹತ್ತಿದೆ. ಮಾತು ಹೇಗೆ ಶುರುಮಾಡಲಿ ಎಂದು ಯೋಚಿಸುತ್ತ ಕಂಬಿ ಹಿಡಿಯದೆ ನಿಂತಿದ್ದಾಗ ಡ್ರೈವರ್ ಬಸ್ಸನ್ನು ಒಮ್ಮೆಲೇ ಮುಂದಕ್ಕೆ ಎಳೆದ. ನೋಡಿದರೆ ಹಿಂದಿನ ಸೀಟಿನ ಅಜ್ಜನ ತೊಡೆಯ ಮೇಲಿದ್ದೇನೆ.

“ಹಿಡ್ಕೊಂಡು ನಿಂದ್ರಬಾರದೇನ್ರಿ? ಏನ್ ಕೆಲಸ ನಿಮ್ದು?”

“ಮೇಷ್ಟ್ರು.”

“ಏನ್ ಕಲಿಸ್ತೀರಿ?”

“ಇತಿಹಾಸ,” ಎಂದೆ.

ಹುಲಿಗೆಮ್ಮ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಅವಳ ಅತ್ತೆ ಚಹಾ ಮಾಡಲು ಒಳಗೆ ಹೋದದ್ದೇ ತಡ, ಮೆಲ್ಲಗೆ, “ನಿನ್ನ ಉತ್ತರ ಸರಿ ಇತ್ತಮ್ಮ. ತಪ್ಪು ನಂದು,” ಎಂದೆ.

“ನನಗ ಗೊತ್ತೈತ್ರಿ ಸರ. ಪುಸ್ತಕ ನೋಡೀನಿ. ಸರಿ ಬರೆದ್ರೂ ನಗಿಸ್ಕೊಳ್ಳೋದಾದ್ರ ಯಾಕ ಓದಬೇಕು ಅಂತ ಬಿಟ್ಟೆ.” ಕೈಯ ಕೆಲಸ ನಿಲ್ಲಲಿಲ್ಲ. “ನಗಿಸಿದ್ದು ಎಲ್ಲಾರ ಮುಂದ. ಇಲ್ಲಿ ಬಂದು ಒಬ್ಬಾಕಿಗೆ ಹೇಳಿದ್ರ ಹೆಂಗ್ರಿ?”

ಒಬ್ಬಳಿಗೇ ಹೇಳಿ ಮುಗಿಸೋಣವೆಂದೇ ನಾನು ಅಷ್ಟು ದೂರ ಹೋಗಿದ್ದೆ. ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿಯ ಘಾಟು ಎಂದುಕೊಂಡೆ. “ನಾಳೆ ಬಾ, ಎಲ್ಲರ ಮುಂದೆಯೇ ಹೇಳ್ತೀನಿ,” ಎಂದೆ.

ಸೋಮವಾರ ಅವಳು ತನ್ನ ಜಾಗದಲ್ಲಿದ್ದಳು. ಎಲ್ಲರೆದುರು ತಪ್ಪೊಪ್ಪಿಕೊಂಡು ಅವಳಿಗೆ ಅಂಕ ಕೊಟ್ಟೆ, ಉಳಿದವರದು ಕಳೆದೆ. “ತಪ್ಪು ನಿಮ್ದು ಸರ, ಮಾರ್ಕ್ಸ್ ಹೋಗೋದು ನಮ್ದಾ?” ಎಂದು ಹಿಂದಿನ ಬೆಂಚಿನಿಂದ ಗಲಾಟೆ ಎದ್ದಿತು. ಹುಲಿಗೆಮ್ಮ ಮೊದಲ ಸಲ ನಕ್ಕಳು.

ಈಗ ಪ್ರಶ್ನೆಪತ್ರಿಕೆ ಹಂಚಿದ ಮೇಲೆ ನಾನು ಕುರ್ಚಿಯಲ್ಲಿ ಕೂರುವುದಿಲ್ಲ; ಅವಳು ಓದಿ ಮುಗಿಸುವವರೆಗೆ ನಿಂತಿರುತ್ತೇನೆ. ತಲೆ ತಗ್ಗಿಸಿ ಬರೆಯತೊಡಗಿದಳೆಂದರೆ, ನಾನು ಪಾಸು.