ದನದ ಲೆಕ್ಕ, ಗೋಮಾಳದ ಲೆಕ್ಕ

ಊರಿಗೆ ಬಂದು ದನದ ಯೋಗಕ್ಷೇಮ ವಿಚಾರಿಸುವ ಸರ್ಕಾರಿ ನೌಕರನನ್ನು ನಾನು ನಂಬುವುದಿಲ್ಲ. ಹಾರೋಹಳ್ಳಿ ಕಡೆ ಕಾರ್ಖಾನೆಗಳು ಹಬ್ಬಿದ ಮೇಲೆ ಅಂಥವರು ಬರುತ್ತಲೇ ಇದ್ದರು. ಇಂಥ ಪ್ರಸಂಗಗಳು ಆಗುತ್ತಲೇ ಇದ್ದವು.

೧. ಕೆಮ್ಮು

ದನ ಎಣಿಸುವವನು ಬಂದ. ಸುಮ್ಮನೆ ಯಾರೂ ಎಣಿಸುವುದಿಲ್ಲ, ತೆರಿಗೆ ಹಾಕಲಿಕ್ಕೇ ಇರಬೇಕು ಎಂದುಕೊಂಡೆವು. ಊರಿನ ಅರ್ಧ ದನ ತೋಪು ಸೇರಿದವು. ಪಕ್ಕದ ಮನೆಯವನು ಎಮ್ಮೆಯನ್ನು ಒಳಕೋಣೆಯಲ್ಲಿ ಕಟ್ಟಿ ಬಾಗಿಲಿಗೆ ಅಡ್ಡ ನಿಂತ.

"ಇರೋದು ಒಂದೇ ಹಸ, ಸ್ವಾಮಿ."

ಒಳಗೆ ಎಮ್ಮೆ ಕೂಗಿತು.

"ಅದ್ಯಾರು?"

"ನಮ್ಮಪ್ಪ. ಒಸಿ ಕೆಮ್ಮು ಐತೆ."

"ದನದ ಆಸ್ಪತ್ರೆಗೆ ಹೊಡ್ಕೊಂಡು ಬನ್ನಿ, ಔಷಧಿ ಕೊಡ್ತೀವಿ," ಎಂದ ಎಣಿಸುವವನು. ಬರೆದುಕೊಂಡದ್ದು ಮಾತ್ರ ಒಂದೇ.

೨. ಮಿಕ್ಕ ಜಾಗ

ಆಮೇಲೆ ಗೋಮಾಳ ಅಳೆಯಲು ಸರ್ವೆಯವರು ಬಂದರು. ನಮ್ಮ ದನ ಮೇಯುವುದು ಅಲ್ಲೇ. ಅದು ಹೋದರೆ ದನ ಮಾರಬೇಕು. ಜೊತೆಯಲ್ಲಿ ಕಂದಾಯದ ಸಾಹೇಬರಿದ್ದರು. ಯಾಕೆ ಅಳೆಯುತ್ತೀರಿ ಎಂದೆ.

"ಊರಲ್ಲಿ ದನ ಎಷ್ಟೋ ಅದಕ್ಕೆ ತಕ್ಕಷ್ಟು ಗೋಮಾಳ. ನಿಮ್ಮಲ್ಲಿ ಅಷ್ಟು ದನವೇ ಇಲ್ಲ. ಮಿಕ್ಕ ಜಾಗ ಕಾರ್ಖಾನೆಗೆ."

"ಇಲ್ಲ ಅಂದೋರ್ಯಾರು?"

"ನೀವೇ."

ಎಲ್ಲರೂ ಪಕ್ಕದ ಮನೆಯವನನ್ನು ನೋಡಿದೆವು. ಅವನು ಕೈ ಮುಗಿದ. "ನಮ್ಮಪ್ಪನ್ನೂ ಸೇರಿಸ್ಕೊಳ್ಳಿ ಸ್ವಾಮಿ. ಅವನೂ ಹುಲ್ಲು ತಿಂತಾನೆ."

೩. ಮರಳವಾಡಿಯ ಹಸು

ಇನ್ನೊಂದು ಸಲ ಎಣಿಸಿ ಎಂದು ಕೇಳಿಕೊಂಡೆವು. ಸಾಹೇಬರು ತಾವೇ ಬರುವುದಾಗಿ ಹೇಳಿದರು. ಅಡಗಿಸಿದ್ದನ್ನೆಲ್ಲ ಹೊರಗೆ ಕಟ್ಟಿದೆವು. ಆದರೂ ಸಾಲದೇನೋ ಎಂಬ ಅನುಮಾನ. ಬೇರೆ ಊರುಗಳಿಂದಲೂ ಹೊಡೆದುಕೊಂಡು ಬಂದೆವು. ನಾನು ಮರಳವಾಡಿಯ ಅಜ್ಜಿಯೊಬ್ಬಳಿಂದ ಒಂದು ಹಸು ತಂದೆ.

ಸಾಹೇಬರು ಸಾಲಾಗಿ ಎಣಿಸುತ್ತಾ ಬಂದರು. ನಾನು ತಂದ ಹಸು ಅವರ ಕೈ ನೆಕ್ಕಿತು. ಬಿಡಲೇ ಇಲ್ಲ.

"ಇದು ನಿಮ್ಮದಾ?"

"ನಮ್ಮ ಕೊಟ್ಟಿಗೇಲೇ ಹುಟ್ಟಿದ್ದು."

"ನಮ್ಮತ್ತೆ ಮನೆ ಹಸು ಕಣ್ರೀ ಇದು. ಹಬ್ಬಕ್ಕೆ ಹೋದಾಗ ನಾನೇ ಬಾಳೆಹಣ್ಣು ತಿನ್ನಿಸಿದೀನಿ. ಕದ್ಕೊಂಡು ಬಂದ್ರಾ?"

ಕಳ್ಳ ಅನ್ನಿಸಿಕೊಳ್ಳುವುದಕ್ಕಿಂತ ನಿಜ ಹೇಳುವುದು ವಾಸಿ.

"ಇಲ್ಲ ಸ್ವಾಮಿ, ಅವ್ರೇ ಕೊಟ್ರು. 'ಎಣಿಸಾಕೆ ಬರೋನು ನಮ್ಮಳಿಯ. ಹಸ ಯಾವ್ದು ಎಮ್ಮೆ ಯಾವ್ದು ಅಂತ ಅವನಿಗೆ ಗೊತ್ತಾಗಾಕಿಲ್ಲ, ಧೈರ್ಯವಾಗಿ ಹೊಡ್ಕೊಂಡೋಗು' ಅಂದ್ರು."

ನಗು ತಡೆಯಲಾರದವರು ದನದ ಹಿಂದೆ ಹೋಗಿ ನಿಂತರು. ಸಾಹೇಬರು ಆ ಹಸುವನ್ನೂ ಸೇರಿಸಿಯೇ ಬರೆದುಕೊಂಡರು. ಗೋಮಾಳ ಉಳಿಯಿತು.

ಹೊರಡುವಾಗ ನನ್ನನ್ನು ಮರೆಗೆ ಕರೆದರು. ಏನೋ ಕೇಳುತ್ತಾರೆ ಎಂದು ಜೇಬು ಬಿಗಿಯಾಗಿ ಹಿಡಿದುಕೊಂಡು ಹೋದೆ.

"ಹಸು ವಾಪಸ್ ಬಿಡುವಾಗ ಅತ್ತೆಗೆ ಒಂದು ಮಾತು ಹೇಳಿ," ಎಂದರು. "ನಾನು ಗುರುತು ಹಿಡಿದೆ ಅಂತ."