ಎಂಬತ್ತೆಂಟು ಹುಂಜಗಳ ಹೊಣೆ ಹೊರಲು ಕರಿ ಹ್ಯಾಟಿಯವರಲ್ಲಿ ಬಿನ್ನಹ

ಇಂದ,
ವಿಜಯಲಕ್ಷ್ಮೀ, ಬಿ.ಎಸ್ಸಿ. (ಪ್ರಾಣಿಶಾಸ್ತ್ರ),
ನಿವೃತ್ತ ವಿಜ್ಞಾನ ಶಿಕ್ಷಕಿ, ವಯಸ್ಸು ಎಪ್ಪತ್ತೊಂದು,
ನಡಾವಳಿ ಬರೆಯುವವಳು, ಹೊಂಬೆಳಗು ಮಹಿಳಾ ಸ್ವಸಹಾಯ ಸಂಘ,
ತಿಕೋಟಾ.

ಗೆ,
ಶ್ರೀಮತಿ ಕರಿ ಹ್ಯಾಟಿಯವರು,
ಮರಿ ಗಂಡೋ ಹೆಣ್ಣೋ ಎಂದು ನಿರ್ಧರಿಸುವ ಏಕೈಕ ಸಕ್ಷಮ ಪ್ರಾಧಿಕಾರ,
ಸಂಘದ ಕೋಳಿಗೂಡು, ಎಡಮೂಲೆ,
ತಿಕೋಟಾ.

ವಿಷಯ: ಮಶಿನ್ನಿನಲ್ಲಿ ಹುಂಜ ಹೆಚ್ಚಾದವೆಂಬ ಕಾರಣಕ್ಕೆ ರೇಣವ್ವಳನ್ನು ಕೆಲಸದಿಂದ ತೆಗೆಯುತ್ತಿರುವುದರಿಂದ, ಸದರಿ ಹುಂಜಗಳ ಹೊಣೆಯನ್ನು ತಾವೇ ಒಪ್ಪಿಕೊಳ್ಳುವ ಕುರಿತು.

ಉಲ್ಲೇಖ: 1) ಸಂಘದ ಠರಾವು ಸಂಖ್ಯೆ 14. 2) ಆಮೆಯ ಒಂದು ವಿಡಿಯೊ. 3) ನಮ್ಮ ಅತ್ತೆಯವರ ಮೌಖಿಕ ಆದೇಶ, 1979.

ಮಾನ್ಯರೇ,

ಹ್ಯಾಟಿ ಎಂದರೆ ತತ್ತಿ ಇಡುವ ಕೋಳಿ ಎಂಬುದನ್ನು ತಮಗೆ ತಿಳಿಸುವ ಅಗತ್ಯವಿಲ್ಲ. ಆದರೂ ಅರ್ಜಿಯ ಪ್ರತಿ ಮೇಲಿನ ಕಚೇರಿಗಳಿಗೆ ಹೋಗುವ ಸಂಭವವಿರುವ ಕಾರಣ ತಿಳಿಸಲಾಗಿದೆ. ನಾನು ತತ್ತಿಯನ್ನಾಗಲಿ ಕೋಳಿಯನ್ನಾಗಲಿ ತಿನ್ನುವವಳಲ್ಲ. ಆದ್ದರಿಂದ ಈ ಪ್ರಕರಣದಲ್ಲಿ ನನಗೆ ಸ್ವಂತ ಲಾಭವಿಲ್ಲವೆಂದು ಮೊದಲೇ ದೃಢೀಕರಿಸಿ, ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರುತ್ತೇನೆ.

1. ನಮ್ಮ ಸಂಘವು ತತ್ತಿಗೆ ಕಾವು ಕೊಟ್ಟು ಮರಿ ಮಾಡುವ ಮಶಿನ್ನನ್ನು ವಿಜಯಪುರದ ಗಾಂಧಿ ಚೌಕದ ಹತ್ತಿರ ಅಂಗಡಿ ಇಟ್ಟಿರುವ ಚೇತನಕುಮಾರನಿಂದ ಕೊಂಡಿತು. ಮಶಿನ್ನಿನ ಜೊತೆಗೆ ಅವನು ಒಂದು ಪ್ಲಾಸ್ಟಿಕ್ ಬಕೆಟ್ಟನ್ನೂ ಒಂದು ಸಿದ್ಧಾಂತವನ್ನೂ ಪುಕ್ಕಟೆ ಕೊಟ್ಟನು. ಕಾವನ್ನು ಮೂವತ್ತಾರು ಡಿಗ್ರಿಗೆ ಇಟ್ಟರೆ ಎಲ್ಲವೂ ಹ್ಯಾಟಿ, ಅದಕ್ಕಿಂತ ಏರಿಸಿದರೆ ಎಲ್ಲವೂ ಹುಂಜ ಎಂಬುದೇ ಆ ಸಿದ್ಧಾಂತ. ಬಕೆಟ್ಟು ವಾರದಲ್ಲಿ ಸೀಳಿತು. ಸಿದ್ಧಾಂತ ಇನ್ನೂ ಗಟ್ಟಿಯಾಗಿದೆ.

2. ಮಶಿನ್ ನೋಡಿಕೊಳ್ಳಲು ರೇಣವ್ವಳನ್ನು ನೇಮಿಸಲಾಯಿತು. ತಮ್ಮ ಹಾಗೂ ತಮ್ಮ ಗೂಡಿನ ಇತರ ಸದಸ್ಯೆಯರ ಇನ್ನೂರು ತತ್ತಿಗಳನ್ನು ಒಳಗಿಟ್ಟೆವು. ಇಪ್ಪತ್ತೊಂದನೆಯ ದಿನ ನೂರಾ ಅರವತ್ಮೂರು ಮರಿಗಳು ಹೊರಬಂದವು. ಅಷ್ಟು ಮರಿಗಳು ಬದುಕಿ ಹೊರಬಂದದ್ದಕ್ಕೆ ಯಾರೂ ಅವಳಿಗೆ ಒಂದು ಒಳ್ಳೆಯ ಮಾತು ಹೇಳಿದ್ದು ನಡಾವಳಿಯಲ್ಲಿ ಕಂಡುಬರುವುದಿಲ್ಲ. ಎರಡು ತಿಂಗಳಾದ ಮೇಲೆ ನೆತ್ತಿಯ ಜುಟ್ಟು ಕೆಂಪಾಗತೊಡಗಿ, ಉಳಿದ ನೂರಾ ಐವತ್ತೊಂಬತ್ತರಲ್ಲಿ ಎಂಬತ್ತೆಂಟು ಹುಂಜ ಎಂದು ಗೊತ್ತಾಯಿತು. ನಾಣ್ಯ ಚಿಮ್ಮಿದರೂ ಇಷ್ಟು ಹೆಚ್ಚುಕಡಿಮೆ ಆಗುತ್ತದೆ. ಆದರೆ ನಾಣ್ಯವನ್ನು ಕೆಲಸದಿಂದ ತೆಗೆಯಲು ಬರುವುದಿಲ್ಲವಾದ ಕಾರಣ ತನಿಖೆ ರೇಣವ್ವಳ ಕಡೆಗೆ ತಿರುಗಿತು.

3. ದಾಖಲೆ ಪುಸ್ತಕ ತೆಗೆದು ನೋಡಲಾಗಿ, ಇಪ್ಪತ್ತೊಂದು ದಿನವೂ ರೇಣವ್ವ ದುಂಡಗಿನ ಅಕ್ಷರದಲ್ಲಿ 37.5 ಎಂದು ಬರೆದಿದ್ದಳು. ಸುಳ್ಳು ಬರೆದಿದ್ದರೆ ಪ್ರಕರಣವೇ ಇರುತ್ತಿರಲಿಲ್ಲ. ನಿಜ ಬರೆದದ್ದು ಅವಳ ಮೊದಲನೆಯ ತಪ್ಪು. ಸಭೆಯಲ್ಲಿ ನಡೆದ ಮಾತನ್ನು ನಾನು ಬರೆದುಕೊಂಡಿರುವಂತೆ ಕೆಳಗೆ ಕೊಟ್ಟಿದೆ.

ಅಧ್ಯಕ್ಷೆ ಶೈಲಶ್ರೀ: "ಅಂವ ಮೂವತ್ತಾರಕ್ಕ ಇಡ್ರಿ ಅಂತ ಹೇಳಿದ್ನಿಲ್ಲ? ನೀ ಯಾಕ ಏರಿಸಿದಿ?"

ರೇಣವ್ವ: "ಮೂವತ್ತಾರಕ್ಕ ತತ್ತಿ ತಣ್ಣಗ ಹತ್ತತಾವ್ರಿ. ಕಣ್ಣಿನ ರೆಪ್ಪಿಗೆ ಹಚ್ಚಿ ನೋಡೀನಿ. ಹಂಗ ಬಿಟ್ಟಿದ್ರ ಒಳಗ ಮರಿ ಸಾಯ್ತಿದ್ವು."

ಶೈಲಶ್ರೀ: "ಸತ್ರ ಹುಂಜ ಸಾಯ್ತಿದ್ವು. ಹ್ಯಾಟಿ ಉಳೀತಿದ್ವು."

ಹಿರಿಯ ಸದಸ್ಯೆ ಮುರಿಗೆವ್ವ: "ಅಕಿ ಕೈಗುಣನ ಹಂಗ ಬಿಡ. ಮನ್ಯಾಗ ಗಂಡು ಬೇಕಂದ್ರ ಮೂರೂ ಹೆಣ್ಣು ಹಡದಾಳ. ಇಲ್ಲಿ ಹೆಣ್ಣು ಬೇಕಂದ್ರ ಹುಂಜ ಮಾಡಿ ಕುಂತಾಳ."

ರೇಣವ್ವ: "ಅದಲಾಬದಲಿ ಆಗೈತ್ರಿ ಯವ್ವಾ. ನಾ ಮಶಿನ್ನಾಗ ಹಡದು, ತತ್ತಿ ಮನ್ಯಾಗ ಇಟ್ಟಿದ್ರ ಎಲ್ಲಾರಿಗೂ ಚಲೋ ಆಗ್ತಿತ್ತು."

ಎಲ್ಲರೂ ನಕ್ಕರು. ರೇಣವ್ವಳೂ ನಕ್ಕಳು. ನಗುತ್ತಲೇ ಸೆರಗಿನ ತುದಿಗೆ ಕಟ್ಟಿದ್ದ ಮಶಿನ್ ಕೋಣೆಯ ಬೀಗದ ಕೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಅವಳ ಮನೆಯ ಒಲೆ ಹೊತ್ತುವುದು ಆ ಬೀಗದ ಕೈಯಿಂದ.

4. ಕರೆಂಟು ಹೋದ ಒಂದು ಮಧ್ಯಾಹ್ನ ನಾನು ಮಶಿನ್ ಕೋಣೆಗೆ ಹೋಗಿದ್ದೆನು. ರೇಣವ್ವ ತನ್ನ ಕೌದಿಯನ್ನು ಮನೆಯಿಂದ ತಂದು ಮಶಿನ್ನಿಗೆ ಹೊದಿಸಿ, ಪಕ್ಕದಲ್ಲಿ ಬೆವರು ಸುರಿಸುತ್ತ ಕೂತಿದ್ದಳು. "ಕರೆಂಟ್ ಬರೂ ತನಕ ಇವಕ್ಕ ಯಾರದಾರ್ರೀ ಅಕ್ಕೋರ" ಎಂದಳು. ಕೌದಿ ಹೊದಿಸುವುದು ಸಂಘದ ನಿಯಮಾವಳಿಯಲ್ಲಿ ಇಲ್ಲ. ಇದನ್ನೂ ಅವಳ ಮೇಲಿನ ಆರೋಪಗಳಿಗೆ ಸೇರಿಸಿಕೊಳ್ಳಬಹುದು.

5. ಸಿದ್ಧಾಂತದ ಮೂಲವನ್ನು ಪರಿಶೀಲಿಸಲು ನಾನು ಖುದ್ದಾಗಿ ಬಸ್ಸು ಹತ್ತಿ ಗಾಂಧಿ ಚೌಕಕ್ಕೆ ಹೋದೆನು. ಚೇತನಕುಮಾರ ಕೆಟ್ಟವನಲ್ಲ. ಫ್ಯಾನನ್ನು ನನ್ನ ಕಡೆಗೆ ತಿರುಗಿಸಿದನು, ಸಕ್ಕರೆ ಹಾಕದ ಚಹಾ ತರಿಸಿದನು. ಆಮೇಲೆ ಮೊಬೈಲಿನಲ್ಲಿ ಆಧಾರ ತೋರಿಸಿದನು. ಸಮುದ್ರದ ದಂಡೆಯ ಮರಳಿನಿಂದ ಆಮೆಯ ಮರಿಗಳು ಹೊರಡುತ್ತಿದ್ದವು.

"ಇದು ಆಮಿ ಐತೆಲ್ಲೋ ತಮ್ಮಾ."

"ತತ್ತಿ ತತ್ತೀನ ಅಲ್ರೀ ಅಕ್ಕೋರ?"

"ಆಗಲಿ. ಇದರಾಗೂ ಬಿಸಿಗೆ ಹೆಣ್ಣು, ತಂಪಿಗೆ ಗಂಡು ಅಂತ ಹೇಳಾಕತ್ತಾರ. ನೀ ತಂಪಿಗೆ ಹ್ಯಾಟಿ ಅಂದಿಯಲ್ಲ?"

"ಆಮಿ ನೀರಾಗಿನ ಜೀವರಿ. ಕೋಳಿ ನೆಲದ ಮ್ಯಾಲಿಂದು. ಅದಕ್ಕ ನಾ ಉಲ್ಟಾ ಮಾಡಿ ಹೇಳೀನ್ರಿ."

ನಾನು ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದ್ದೇನೆ. ಇಷ್ಟು ಸ್ಪಷ್ಟವಾದ ಉತ್ತರವನ್ನು ಯಾವ ವಿದ್ಯಾರ್ಥಿಯೂ ಕೊಟ್ಟಿರಲಿಲ್ಲ. ಚಹಾ ಮುಗಿಸಿ ಎದ್ದು ಬಂದೆನು. ಅವನು ರಸ್ತೆಯವರೆಗೆ ಬಂದು ಆಟೋ ಹಿಡಿದು ಕೊಟ್ಟನು.

6. ಶಾಖದಿಂದ ಗಂಡು ಹುಟ್ಟುವುದು ನಿಜವೆಂದಾದರೆ, ಮೇ ತಿಂಗಳ ನಮ್ಮ ಬಿಸಿಲಿಗೆ ತಿಕೋಟಾದಿಂದ ಬಬಲೇಶ್ವರದವರೆಗೆ ಒಂದು ಹೆಣ್ಣು ಕೂಸೂ ಹುಟ್ಟಬಾರದಿತ್ತು. ರೇಣವ್ವಳ ಮೂವರೂ ಹುಟ್ಟಿದ್ದು ಅದೇ ಬಿಸಿಲಿನಲ್ಲಿ, ತಗಡಿನ ಮನೆಯಲ್ಲಿ.

7. ಇನ್ನು ಸಕ್ಷಮ ಪ್ರಾಧಿಕಾರದ ವಿಚಾರ. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ಕಡೆಯಿಂದ ಬರುವ ವರ್ಣತಂತುವಿನಿಂದ ತೀರ್ಮಾನವಾಗುತ್ತದೆ. ತಮ್ಮ ಕುಲದಲ್ಲಿ ಮಾತ್ರ ಅದು ತಾಯಿಯ ಕಡೆಯಿಂದ ಬರುತ್ತದೆ. ತತ್ತಿ ತಮ್ಮಿಂದ ಹೊರಬೀಳುವ ಮೊದಲೇ ತೀರ್ಮಾನ ಮುಗಿದಿರುತ್ತದೆ. ಆಮೇಲೆ ಮಶಿನ್ನಿಟ್ಟರೂ ಅಷ್ಟೆ, ಕೌದಿ ಹೊದಿಸಿದರೂ ಅಷ್ಟೆ. ಕಾವು ತಪ್ಪಿದರೆ ಮರಿ ಸಾಯಬಹುದು, ಹುಂಜ ಹ್ಯಾಟಿಯಾಗುವುದಿಲ್ಲ. ಅಂದರೆ ಹೆಂಗಸರ ಮೇಲೆ ತಲೆತಲಾಂತರದಿಂದ ಹೊರಿಸಿಕೊಂಡು ಬಂದ ಆರೋಪವು ಸತ್ಯವಾಗಿರುವುದು ತಮ್ಮೊಬ್ಬರ ವಿಷಯದಲ್ಲಿ. ಆದರೆ ತಮ್ಮನ್ನು ಈವರೆಗೆ ಯಾರೂ ಒಂದು ಮಾತು ಕೇಳಿಲ್ಲ. ಗೂಡಿನವರೆಲ್ಲ ಸೇರಿ ಎಂಬತ್ತೆಂಟು ಗಂಡು ಹೆತ್ತ ಮೇಲೂ ತಾವು ಗೂಡಿನಲ್ಲಿ ನಿಶ್ಚಿಂತೆಯಿಂದ ಕಾಳು ಆರಿಸುತ್ತಿದ್ದೀರಿ. ನೋಡಿ ಸಂತೋಷವಾಗುತ್ತದೆ.

8. ಇದೇ ಪಾಠವನ್ನು ಹತ್ತನೆಯ ತರಗತಿಗೆ ಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದವಳು ನಾನು. ಅಧ್ಯಕ್ಷೆ ಶೈಲಶ್ರೀ ನನ್ನ ವಿದ್ಯಾರ್ಥಿನಿ. ಈ ಪ್ರಶ್ನೆಗೆ ಐದಕ್ಕೆ ಐದು ಅಂಕ ತೆಗೆದಿದ್ದಳು. ಇಂದಿಗೂ ಸಭೆಯಲ್ಲಿ ನನ್ನ ಬೆನ್ನಿಗೆ ದಿಂಬು ತಂದಿಡುತ್ತಾಳೆ. ಪಾಠ ಮಾತ್ರ ಪರೀಕ್ಷೆಯ ಕೋಣೆಯಲ್ಲೇ ಉಳಿಯಿತು.

9. ಅವಳನ್ನು ದೂರಲು ನನಗೆ ಅರ್ಹತೆ ಇಲ್ಲದಿರುವ ಕಾರಣವನ್ನೂ ಇಲ್ಲಿಯೇ ನಮೂದಿಸಬೇಕಾಗಿದೆ. 1979ರಲ್ಲಿ, ಬಬಲೇಶ್ವರದ ನಮ್ಮ ಮನೆಯಲ್ಲಿ, ಮೊದಲನೆಯದು ಹೆಣ್ಣಾಗಿ ನಾನು ಎರಡನೆಯ ಸಲ ಬಸುರಿಯಾದಾಗ ಅತ್ತೆಯವರು ಹೇಳಿದರು: "ನಿನ್ನ ಹೊಟ್ಟಿ ತಂಪೈತಿ. ಕಾವಿಲ್ಲದಲ್ಲೆ ಗಂಡು ಎಲ್ಲಿಂದ ನಿಂದರತೈತಿ?" ಅಂದಿನಿಂದ ನನಗೆ ಮೊಸರು ಬಂದ್, ಮಜ್ಜಿಗೆ ಬಂದ್. ದಿನಕ್ಕೆ ಮೂರು ಹೊತ್ತು ಒಣಶುಂಠಿಯ ಕಷಾಯ. ಬೇಸಿಗೆ, ಬಾಯೆಲ್ಲ ಹುಣ್ಣು. ನಾದಿನಿ ಹಿತ್ತಲ ಬಾಗಿಲಲ್ಲಿ ಸೆರಗಿನ ಮರೆಯಲ್ಲಿ ಒಂದು ವಾಟಗ ಮಜ್ಜಿಗೆ ತಂದು ಕೊಟ್ಟು, ನಾನು ಕುಡಿಯುವವರೆಗೆ ಅಡ್ಡ ನಿಲ್ಲುತ್ತಿದ್ದಳು. ಮೂರನೆಯ ತರಗತಿ ಓದಿದ ಅವಳು ಅಷ್ಟು ಮಾಡಿದಳು. ಬಿ.ಎಸ್ಸಿ. ಓದಿದ ನಾನು, ಅದು ನನ್ನ ಕೈಯಲ್ಲಿಲ್ಲ, ನಿಮ್ಮ ಮಗನ ಕಡೆಯಿಂದ ಬರುವುದು ಎಂದು ಅತ್ತೆಯವರಿಗೆ ಹೇಳಲಿಲ್ಲ. ಒಳ್ಳೆಯವರಾಗಿದ್ದ ನಮ್ಮ ಮನೆಯವರಿಗೂ ಹೇಳಲಿಲ್ಲ. ಎರಡನೆಯದೂ ಹೆಣ್ಣಾಯಿತು. ಕಷಾಯ ಸಾಲಲಿಲ್ಲವೆಂದು ತೀರ್ಮಾನವಾಯಿತು.

10. ನಲವತ್ತಾರು ವರ್ಷಗಳ ತರುವಾಯ, ಕಳೆದ ಗುರುವಾರದ ಸಭೆಯಲ್ಲಿ, "ರೇಣವ್ವಳು ಕಾವು ಹೆಚ್ಚಿಸಿದ ಕಾರಣ ಹುಂಜಗಳಾಗಿದ್ದು, ಆದ್ದರಿಂದ ಅವಳಿಂದ ಬೀಗದ ಕೈ ಹಿಂಪಡೆಯುವುದು ಮತ್ತು ಇನ್ನು ಮುಂದೆ ಮೂವತ್ತಾರು ಡಿಗ್ರಿಗೆ ಇಡುವುದು" ಎಂಬ ಠರಾವನ್ನು ಶೈಲಶ್ರೀ ಹೇಳಿ ಬರೆಸಿದಳು. ನಾನು ಬರೆದುಕೊಂಡೆನು. ಅಕ್ಷರ ಚೆನ್ನಾಗಿ ಬಂದಿದೆ ಎಂದು ಮುರಿಗೆವ್ವ ಹೊಗಳಿದಳು. ರೇಣವ್ವ ನನ್ನ ಕಡೆ ನೋಡಿದಳು. ದೂರುವ ನೋಟವಲ್ಲ. ನನ್ನ ಪೆನ್ನು ಬಿದ್ದಿತ್ತು, ಅದನ್ನು ಎತ್ತಿಕೊಟ್ಟಳು. ಉಳಿದದ್ದನ್ನು ಅದರಿಂದಲೇ ಬರೆದು ಮುಗಿಸಿದೆನು.

11. ಬರುವ ಗುರುವಾರ ಸದರಿ ಠರಾವನ್ನು ನಾನು ಗಟ್ಟಿಯಾಗಿ ಓದಿದ ಕೂಡಲೇ ಅದು ಕಾಯಂ ಆಗುತ್ತದೆ. ರೇಣವ್ವ ಮನೆಗೆ ಹೋಗುತ್ತಾಳೆ. ಮುಂದಿನ ಇನ್ನೂರು ತತ್ತಿಗಳು ಮೂವತ್ತಾರು ಡಿಗ್ರಿಯಲ್ಲಿ ತಣ್ಣಗೆ ಕೊಳೆಯುತ್ತವೆ. ಕೊಳೆತವೆಲ್ಲ ಹುಂಜಗಳೇ ಎಂದು ಇನ್ನೊಂದು ಠರಾವು ಆಗುತ್ತದೆ. ಅದನ್ನೂ ನಾನೇ ಬರೆಯಬೇಕಾಗುತ್ತದೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಾವು ಗುರುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಸಭೆಗೆ ಖುದ್ದಾಗಿ ಹಾಜರಾಗಬೇಕೆಂದು ಕೋರುತ್ತೇನೆ. ಬುಟ್ಟಿಯನ್ನು ನಾನೇ ಹೊತ್ತು ತರುತ್ತೇನೆ. ತಾವು ಮೇಜಿನ ಮೇಲೆ ನಿಂತರೆ ಸಾಕು, ಮಾತಾಡುವುದು ಬೇಡ. ಠರಾವು ಓದುವ ಸರದಿ ಬಂದಾಗ ನಾನು ಅದನ್ನು ಓದುವುದಿಲ್ಲ. ಇದರಲ್ಲಿ ಬರೆದದ್ದು ಸುಳ್ಳು, ಸುಳ್ಳೆಂದು ಗೊತ್ತಿದ್ದೂ ಬರೆದವಳು ನಾನು, ರೇಣವ್ವ ಏರಿಸಿದ ಕಾವಿನಿಂದ ಆದದ್ದು ಮರಿಗಳು ಬದುಕಿದ್ದು ಮಾತ್ರ, ಗಂಡು ಹೆಣ್ಣು ಇವರ ತೀರ್ಮಾನ ಎಂದು ತಮ್ಮ ಕಡೆ ಕೈ ತೋರಿಸುತ್ತೇನೆ. ಎದ್ದು ನಿಂತು ಮಾತಾಡಿ ನನಗೆ ಅಭ್ಯಾಸವಿಲ್ಲ. ಪಾಠ ಹೇಳುವುದು ಬೇರೆ, ಇದು ಬೇರೆ. ಪಕ್ಕದಲ್ಲಿ ಯಾರಾದರೂ ಇದ್ದರೆ ಮಾತು ಸಲೀಸಾದೀತೆಂದು ತಮ್ಮನ್ನು ಕರೆಯುತ್ತಿದ್ದೇನೆ.

ಬೀಗದ ಕೈ ರೇಣವ್ವಳ ಸೆರಗಿನಲ್ಲೇ ಉಳಿಯಬೇಕೆಂದು ಠರಾವಾಗುವವರೆಗೆ ನಾನು ಕೂರುವುದಿಲ್ಲವೆಂದು ಈ ಮೂಲಕ ತಿಳಿಸಲಾಗಿದೆ. ನನ್ನ ಮೊಣಕಾಲಿನ ಸ್ಥಿತಿಯನ್ನು ಬಲ್ಲವರು ಬೇಗ ತೀರ್ಮಾನಿಸುವರೆಂಬ ಭರವಸೆ ಇದೆ.

ತಮ್ಮ ವಿಶ್ವಾಸಿ ಹಾಗೂ ತಡವಾಗಿ ಬಾಯಿ ಬಿಡುತ್ತಿರುವ,
(ವಿಜಯಲಕ್ಷ್ಮೀ)

ಲಗತ್ತುಗಳು:
1. ರೇಣವ್ವಳ ದಾಖಲೆ ಪುಸ್ತಕದ ನಕಲು, ಇಪ್ಪತ್ತೊಂದು ದಿನದ್ದು.
2. ನನ್ನ ಬಿ.ಎಸ್ಸಿ. ಪ್ರಮಾಣಪತ್ರ, ಮೂಲ ಪ್ರತಿ. ಮನೆಯೊಳಗೆ ಈವರೆಗೆ ಬಳಸಿಲ್ಲ, ಹೊಸದರಂತಿದೆ.
3. ಒಂದು ಹಿಡಿ ಸಜ್ಜೆ. ಇದು ಲಂಚವಲ್ಲ, ತಮ್ಮ ಪ್ರಯಾಣ ಭತ್ಯೆ.

ವಿ.ಸೂ.: ಸಭೆ ಮುಗಿಯುವವರೆಗೆ ದಯವಿಟ್ಟು ಮೇಜಿನ ಮೇಲೆ ತತ್ತಿ ಇಡಬಾರದು. ಇಟ್ಟರೆ ಅದು ಹ್ಯಾಟಿಯೇ ಆಗಲೆಂದು ಸದಸ್ಯೆಯರು ಫ್ಯಾನನ್ನು ಅದರ ಕಡೆಗೆ ತಿರುಗಿಸುವ ಸಂಭವವಿದೆ.